ಕೋಲಾರ ಸೀಮೆಯ ನೆಲದ ನಡುಕವೂ ಅದನ್ನು ಗುರುತಿಸುವ ಯಂತ್ರದ ಜೋಡಣೆಯೂ

ಕೋಲಾರದ ಚಿನ್ನದ ಗಣಿಗಳೆಂದೊಡನೆ ಸಾಮಾನ್ಯರ ಮನಸ್ಸಿಗೆ ಬರುವುದು ಚಿನ್ನದ ತೂಕ, ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿ, ೧೯೦೨ರಲ್ಲಿ ಶಿವನಸಮುದ್ರದಿಂದ ಹರಿದುಬಂದ ವಿದ್ಯುಚ್ಛಕ್ತಿ ಇವೇ ಮೊದಲಾದ ಸಂಗತಿಗಳು. ಆ ಗಣಿಗಳಿಗೆ ಇಳಿದು ದುಡಿದವರ ಮನೆಗಳಲ್ಲಿ ನೆನಪಾಗಿ ಉಳಿದಿರುವುದಾದರೋ ಬೇರೊಂದು. ಅದು ನೆಲದೊಳಗಿನ ಸದ್ದು. ಅದಿರನ್ನು ಕಡಿದು ಟೊಳ್ಳು ಮಾಡುತ್ತ ಹೋದ ಹಾಗೆಲ್ಲ ಮೇಲಿನ ಮತ್ತು ಪಕ್ಕದ ಶಿಲೆಯ ಒತ್ತಡವು ಉಳಿದ ಬಂಡೆಯ ಮೇಲೆ ಸೇರುತ್ತದೆ. ಅದರ ತಾಳಿಕೆ ಮೀರಿದ ಕ್ಷಣದಲ್ಲಿ ಬಂಡೆಯು ಒಮ್ಮೆಗೇ ಸಿಡಿದು ಸುರಂಗದೊಳಕ್ಕೆ ಚಿಮ್ಮುವುದು. ಆಗ ಸುರಂಗದ ಗಾಳಿಯು ರಭಸದಿಂದ ನುಗ್ಗುತ್ತಿದ್ದುದರಿಂದ ಹಿಂದಿನವರು ಇದಕ್ಕೆ ಏರ್ ಬ್ಲಾಸ್ಟ್ ಎಂದು ಹೆಸರಿಟ್ಟಿದ್ದರು. ಶಿಲಾಸ್ಫೋಟವೆಂಬ ಹೆಸರು ಇದಕ್ಕೆ ಹೆಚ್ಚು ಒಪ್ಪುತ್ತದೆ. ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್ ಅವರು ೧೯೦೪ರಷ್ಟು ಹಿಂದೆಯೇ ಈ ವಿಷಯವಾಗಿ ಒಂದು ವರದಿಯನ್ನು ಪ್ರಕಟಿಸಿದರೆಂಬುದನ್ನು ನೋಡಿದರೆ, ಗಣಿಗಳ ಆಯುಷ್ಯದ ಮೊದಲ ಕಾಲು ಶತಮಾನದೊಳಗಾಗಿಯೇ ಈ ಪೀಡೆಯು ಎಷ್ಟು ಬಲವಾಗಿತ್ತೆಂಬುದು ತಿಳಿಯುವುದು. ಮುಂದೆ ಚಾಂಪಿಯನ್ ರೀಫ್ ಗಣಿಯು ೩ ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆಳ ಹೆಚ್ಚಿದಂತೆ ಶಿಲೆಯ ಒತ್ತಡವೂ ಹೆಚ್ಚುವುದು ಸಹಜವಷ್ಟೆ.

ಸ್ಫೋಟವಾಯಿತೆಂಬುದನ್ನು ತಿಳಿಯಲು ಯಂತ್ರವೇ ಬೇಕಾಗಿರಲಿಲ್ಲ. ಮೇಲಿನ ಊರಿನಲ್ಲಿ ಪಾತ್ರೆಗಳು ಅದುರುತ್ತಿದ್ದುವು, ಗೋಡೆಗಳು ಬಿರುಕು ಬಿಡುತ್ತಿದ್ದುವು. ತಿಳಿಯಬೇಕಾಗಿದ್ದುದು ಅದು ಎಲ್ಲಿ ಆಯಿತೆಂಬುದು. ಸುಮಾರು ನೂರು ಅಡಿಗೊಂದರಂತೆ ಒಂದರ ಕೆಳಗೊಂದು ತೋಡಿದ ಅಂತಸ್ತುಗಳಲ್ಲಿ ಯಾವುದರಲ್ಲಿ ಬಂಡೆ ಕುಸಿಯಿತು, ಯಾವ ದಾರಿ ಇನ್ನೂ ತೆರೆದಿದೆ, ಸಿಕ್ಕಿಬಿದ್ದವರನ್ನು ಬಿಡಿಸಲು ಹೋಗುವವರು ಯಾವ ಕಡೆಯಿಂದ ಇಳಿಯಬೇಕು ಎಂಬ ಪ್ರಶ್ನೆಗಳಿಗೆ ಆ ಗಳಿಗೆಯಲ್ಲಿಯೇ ಉತ್ತರ ಬೇಕಾಗಿತ್ತು. ಕಾಲು ಗಂಟೆಯ ವಿಳಂಬವೂ ಅಲ್ಲಿ ಪ್ರಾಣದ ಲೆಕ್ಕವಾಗಿತ್ತು.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗಣಿಗಳ ಬಳಿ ನೆಲದ ಮೇಲೆ ವೀಖರ್ಟ್ ಮಾದರಿಯ ಭೂಕಂಪಲೇಖಕವನ್ನು ಇಟ್ಟಿದ್ದರು. ಭಾರವಾದ ಒಂದು ಗುಂಡು ನಿಶ್ಚಲವಾಗಿರಲು ಯತ್ನಿಸುವುದು. ಅದರ ಸುತ್ತಲಿನ ನೆಲ ಮಾತ್ರ ಅಲುಗುವುದು. ಇವೆರಡರ ವ್ಯತ್ಯಾಸವನ್ನು ಸನ್ನೆಗೋಲುಗಳು ದೊಡ್ಡದು ಮಾಡಿ, ಮಸಿ ಹಿಡಿಸಿದ ಕಾಗದದ ಮೇಲೆ ಸೂಜಿಯಿಂದ ಗೀಚುವುವು. ದೂರದ ಭೂಕಂಪಗಳಿಗೆ ಈ ಯಂತ್ರವು ಬಹಳ ಒಳ್ಳೆಯದು. ಮೊದಲು ಬರುವ ಒತ್ತಡದ ಅಲೆಗೂ ಹಿಂದೆ ಬರುವ ಅಡ್ಡ ಅಲೆಗೂ ನಡುವಣ ಕಾಲವನ್ನು ಅಳೆದರೆ ಕಂಪಸ್ಥಾನದ ದೂರ ದೊರೆಯುವುದು. ಆದರೆ ೨ ಕಿಲೋಮೀಟರು ದೂರದ ಶಿಲಾಸ್ಫೋಟದಲ್ಲಿ ಈ ಎರಡು ಅಲೆಗಳ ಅಂತರವು ಸೆಕೆಂಡಿನ ಕಾಲು ಭಾಗದಷ್ಟು ಮಾತ್ರ. ನಿಧಾನವಾಗಿ ಸುತ್ತುವ ಕಾಗದದ ಮೇಲೆ ಅದು ಕೂದಲೆಳೆಯ ದಪ್ಪಕ್ಕೂ ಸಾಲದು. ಹೀಗೆ ಪಕ್ಕದ ಮನೆಯ ಸುದ್ದಿಯೇ ಆ ಯಂತ್ರಕ್ಕೆ ತಿಳಿಯದಂತಾಗಿತ್ತು.

ಪರಿಹಾರವು ಬಂದುದು ಯಂತ್ರಗಳ ಸಂಖ್ಯೆಯನ್ನು ಹೆಚ್ಚಿಸಿ, ಅವೆಲ್ಲವನ್ನೂ ಒಂದೇ ಗಡಿಯಾರಕ್ಕೆ ಕಟ್ಟಿದುದರಿಂದ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ, ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಗೌರಿಬಿದನೂರಿನಲ್ಲಿ ೧೯೬೫ರಲ್ಲಿ ಭೂಕಂಪಮಾಪಕಗಳ ಒಂದು ಸಾಲು ಸ್ಥಾಪಿತವಾಯಿತು. ಎರಡು ಸಾಲುಗಳು ಎಲ್ ಅಕ್ಷರದ ಆಕಾರದಲ್ಲಿ ಕೂಡಿರುವ ಅದರ ಉದ್ದೇಶವು ದೂರದೇಶಗಳ ಪರಮಾಣು ಸ್ಫೋಟಗಳನ್ನು ಗುರುತಿಸುವುದಾಗಿತ್ತು. ಚಿನ್ನದ ಗಣಿಗಳಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದವರು ೧೯೭೮ರಲ್ಲಿ ಸೂಕ್ಷ್ಮಕಂಪಗಳ ಜಾಲವೊಂದನ್ನು ಏರ್ಪಡಿಸಿದರು. ಜಿಯೋಫೋನ್ ಎಂಬ ಚಿಕ್ಕ ಸಂವೇದಕಗಳನ್ನು ಅಲ್ಲಲ್ಲಿ ನೆಟ್ಟು, ತಂತಿಗಳ ಮೂಲಕ ಅವುಗಳ ವಾರ್ತೆಯನ್ನು ಒಂದು ಕೇಂದ್ರಕ್ಕೆ ತರಲಾಯಿತು. ೧೯೮೮ರಲ್ಲಿ ಅಲ್ಲಿಯೇ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆಯು ಹುಟ್ಟಿತು.

ಈ ಕ್ರಮದ ತತ್ತ್ವವನ್ನು ತಿಳಿಯಲು ಗಣಿಯೊಳಕ್ಕೆ ಇಳಿಯಬೇಕಾಗಿಲ್ಲ. ಜಿಲ್ಲೆಯ ನಕ್ಷೆಯೇ ಸಾಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರುಗಳಲ್ಲಿ ಒಂದೊಂದು ಸಂವೇದಕವನ್ನು ಇಟ್ಟಿದೆಯೆಂದು ಭಾವಿಸೋಣ. ಚಾಂಪಿಯನ್ ರೀಫಿನಿಂದ ನೇರವಾಗಿ ಅಳೆದರೆ ಕೋಲಾರವು ಸುಮಾರು ೨೫, ಮುಳಬಾಗಿಲು ೨೬, ಮಾಲೂರು ೩೭, ಶ್ರೀನಿವಾಸಪುರ ೪೩ ಕಿಲೋಮೀಟರು ದೂರದಲ್ಲಿವೆ. ಗಟ್ಟಿ ಶಿಲೆಯಲ್ಲಿ ಒತ್ತಡದ ಅಲೆಯು ಸೆಕೆಂಡಿಗೆ ಸುಮಾರು ೬ ಕಿಲೋಮೀಟರು ವೇಗದಿಂದ ಹೋಗುವುದು. ಗಣಿಯಲ್ಲಿ ಬಂಡೆ ಸಿಡಿದರೆ ಅದರ ಸುದ್ದಿಯು ಮೊದಲು ಕೋಲಾರಕ್ಕೆ ಮುಟ್ಟುವುದು. ಸೆಕೆಂಡಿನ ಆರರಲ್ಲೊಂದು ಪಾಲಿನ ಮೇಲೆ ಮುಳಬಾಗಿಲಿಗೆ, ೨ ಸೆಕೆಂಡಿನ ಮೇಲೆ ಮಾಲೂರಿಗೆ, ೩ ಸೆಕೆಂಡಿನ ಮೇಲೆ ಶ್ರೀನಿವಾಸಪುರಕ್ಕೆ. ಈಗ ಇದನ್ನೇ ಹಿಂದುಮುಂದಾಗಿ ಓದಬೇಕು. ಕೋಲಾರಕ್ಕೂ ಮುಳಬಾಗಿಲಿಗೂ ಬಹುಮಟ್ಟಿಗೆ ಒಟ್ಟಿಗೇ ಮುಟ್ಟಿತೆಂದರೆ ಕಂಪಸ್ಥಾನವು ಅವೆರಡರ ನಡುವೆ ತೆಂಕಣಿಂದ ಬಡಗಣಕ್ಕೆ ಎಳೆದ ಒಂದು ಗೆರೆಯ ಆಸುಪಾಸಿನಲ್ಲಿದೆ. ಉತ್ತರದ ಶ್ರೀನಿವಾಸಪುರಕ್ಕೆ ಕಡೆಯಲ್ಲಿ ಮುಟ್ಟಿದ್ದರಿಂದ ಅದು ಆ ಗೆರೆಯ ದಕ್ಷಿಣ ಭಾಗದಲ್ಲಿದೆ. ಮಾಲೂರಿನ ೨ ಸೆಕೆಂಡು ಆ ದಕ್ಷಿಣದಲ್ಲಿ ಎಷ್ಟು ದೂರವೆಂಬುದನ್ನು ಹಿಡಿದುಕೊಡುವುದು. ತಿಳಿಯಬೇಕಾದ ಅಂಶಗಳು ನಾಲ್ಕು: ಪೂರ್ವಪಶ್ಚಿಮ, ದಕ್ಷಿಣೋತ್ತರ, ಆಳ, ಮತ್ತು ಸಿಡಿದ ಹೊತ್ತು. ಆದುದರಿಂದಲೇ ಕಡೆಯಪಕ್ಷ ನಾಲ್ಕು ಸಂವೇದಕಗಳು ಬೇಕು.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗಬೇಕು. ಇಲ್ಲಿ ಅಳೆಯುತ್ತಿರುವುದು ಚಲನೆಯನ್ನಲ್ಲ, ಕಾಲವನ್ನು. ಗಡಿಯಾರವು ಒಂದು ಸೆಕೆಂಡು ತಪ್ಪಿದರೆ ದೂರವು ೬ ಕಿಲೋಮೀಟರು ತಪ್ಪುವುದು; ಮಾಲೂರಿನ ಗಡಿಯಾರವೊಂದೇ ಹಿಂದೆ ಬಿದ್ದರೂ ಸ್ಫೋಟವು ಗಣಿಯ ಮೇರೆಯನ್ನೇ ದಾಟಿ ಯಾವುದೋ ಹೊಲದಲ್ಲಿ ಕಾಣಿಸಿಕೊಳ್ಳುವುದು. ಇತ್ತೀಚೆಗೆ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಮೋಷನ್ ಸೆನ್ಸರನ್ನು ಮೈಕ್ರೋಕಂಟ್ರೋಲರಿಗೆ ಜೋಡಿಸುವ ಆಸಕ್ತಿ ಹೆಚ್ಚಿದೆ. ಆ ಜೋಡಣೆಯನ್ನು ವಿವರಿಸುವವರು ತಂತಿಯ ವಿಷಯದಲ್ಲಿ ತೋರುವ ಶ್ರದ್ಧೆಯ ನಾಲ್ಕರಲ್ಲೊಂದು ಪಾಲನ್ನೂ ಗಡಿಯಾರದ ವಿಷಯದಲ್ಲಿ ತೋರುವುದಿಲ್ಲ.

ಮನೆಯ ಅಂಗಳದ ದೀಪವನ್ನು ತಾನಾಗಿ ಹೊತ್ತಿಸುವ ಸಂವೇದಕವು ಈ ಜಾತಿಯಲ್ಲಿ ಅತ್ಯಂತ ಸರಳವಾದುದು. ಮನುಷ್ಯನ ಮೈಯ ಶಾಖದ ಕಿರಣವು ಅದರ ಮುಂದೆ ಸರಿದಾಡಿದರೆ ಅದು ಹೌದು ಎನ್ನುವುದು, ಇಲ್ಲದಿದ್ದರೆ ಇಲ್ಲ ಎನ್ನುವುದು. ಅದಕ್ಕೆ ಮೂರೇ ತಂತಿ: ವಿದ್ಯುತ್ತಿಗೊಂದು, ನೆಲಕ್ಕೊಂದು, ವಾರ್ತೆಗೊಂದು. ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ ಬಗೆಯಲ್ಲಿ ಹೌದು ಎಂಬುದು ೩.೩ ವೋಲ್ಟು, ಇಲ್ಲ ಎಂಬುದು ಸೊನ್ನೆ. ವಿದ್ಯುತ್ತು ಕೊಟ್ಟ ಮೇಲೆ ಸುಮಾರು ಒಂದು ನಿಮಿಷ ಅದರ ಮಾತನ್ನು ನಂಬಲಾಗದು. ಹೀಗೆ ಎರಡೇ ಮಾತು ಬಲ್ಲ ಸಂವೇದಕವನ್ನು ಮೈಕ್ರೋಕಂಟ್ರೋಲರಿನ ಯಾವ ಪಿನ್ನಿಗೆ ಸೇರಿಸಿದರೂ ಕೆಲಸ ಮುಗಿಯಿತು. ಶ್ರೀನಿವಾಸಪುರದ ಮಾವಿನ ತೋಪಿನ ಕಾವಲಿಗೆ ಅದು ಸಾಕಾಗಬಹುದು. ನೆಲದ ನಡುಕಕ್ಕೆ ಸಾಲದು.

ಜಿಯೋಫೋನಿನ ರಚನೆಯು ಹಳೆಯ ವೀಖರ್ಟ್ ಯಂತ್ರದ್ದೇ, ಅಂಗೈಯಲ್ಲಿ ಹಿಡಿಯುವಷ್ಟು ಕಿರಿದಾದುದು. ಡಬ್ಬಿಗೆ ಭದ್ರವಾಗಿ ಸೇರಿರುವುದು ಅಯಸ್ಕಾಂತ. ಅದರ ಸುತ್ತ ಸ್ಪ್ರಿಂಗಿನಿಂದ ತೂಗಾಡುವುದು ತಂತಿಯ ಸುರುಳಿ. ನೆಲ ಅಲುಗಿದಾಗ ಅಯಸ್ಕಾಂತವು ನೆಲದೊಡನೆ ಅಲುಗುವುದು, ಸುರುಳಿಯು ಹಿಂದುಳಿಯುವುದು, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. ಹೊರಗಿನ ವಿದ್ಯುತ್ತೇ ಇದಕ್ಕೆ ಬೇಡ. ಸೆಕೆಂಡಿಗೆ ನಾಲ್ಕೂವರೆ ಸಲ ತೂಗುವ ಸಾಮಾನ್ಯ ಬಗೆಯದಾದರೆ, ನೆಲವು ಸೆಕೆಂಡಿಗೆ ಒಂದು ಮಿಲಿಮೀಟರು ವೇಗದಿಂದ ಅಲುಗಿದಾಗ ಸುಮಾರು ೨೮ ಮಿಲಿವೋಲ್ಟು ಹುಟ್ಟುವುದು. ಸುರುಳಿಯು ಒಮ್ಮೆ ಅಲುಗಿದ ಮೇಲೆ ಗಂಟೆಯ ನಾಲಗೆಯಂತೆ ಆಡುತ್ತಲೇ ಇರದ ಹಾಗೆ ಅದರ ಎರಡು ತುದಿಗಳ ನಡುವೆ ತಕ್ಕ ಬೆಲೆಯ ಒಂದು ರೆಸಿಸ್ಟರನ್ನು ಹಾಕತಕ್ಕದ್ದು.

ಮೈಕ್ರೋಕಂಟ್ರೋಲರಿಗೆ ಇದನ್ನು ಸೇರಿಸುವಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಜಿಯೋಫೋನಿನ ವೋಲ್ಟು ಸೊನ್ನೆಯ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಮೈಕ್ರೋಕಂಟ್ರೋಲರಾದರೋ ಸೊನ್ನೆಯ ಕೆಳಗಿನದನ್ನು ಅರಿಯದು, ಕೊಟ್ಟರೆ ಕೆಡುವುದೂ ಉಂಟು. ಅದಕ್ಕಾಗಿ ಸಮನಾದ ಎರಡು ರೆಸಿಸ್ಟರುಗಳಿಂದ ೩.೩ ವೋಲ್ಟನ್ನು ಅರ್ಧ ಮಾಡಿ, ಆ ೧.೬೫ ವೋಲ್ಟಿನ ಬಿಂದುವಿಗೆ ಜಿಯೋಫೋನಿನ ಒಂದು ತುದಿಯನ್ನು ಕಟ್ಟುವರು. ಆಗ ನಿಶ್ಚಲ ಸ್ಥಿತಿಯೇ ೧.೬೫ ವೋಲ್ಟಾಗಿ, ಅಲೆಯು ಅದರ ಮೇಲೂ ಕೆಳಗೂ ಆಡಲು ಎಡೆಯಾಗುವುದು. ಎರಡನೆಯದು ವೋಲ್ಟಿನ ಅಲ್ಪತೆ. ಹನ್ನೆರಡು ಬಿಟ್ಟಿನ ಪರಿವರ್ತಕವು ೩.೩ ವೋಲ್ಟನ್ನು ೪೦೯೬ ಮೆಟ್ಟಿಲು ಮಾಡುವುದು. ಒಂದೊಂದು ಮೆಟ್ಟಿಲು ೦.೮ ಮಿಲಿವೋಲ್ಟು. ಸೂಕ್ಷ್ಮ ಕಂಪದ ವೋಲ್ಟು ಒಂದು ಮೆಟ್ಟಿಲನ್ನೂ ಏರಲಾರದು. ಆದ್ದರಿಂದ ನಡುವೆ ನೂರು ಪಟ್ಟು ಹಿಗ್ಗಿಸುವ ಆಂಪ್ಲಿಫಯರನ್ನು ಇಡಬೇಕು. ಆಗ ಸೆಕೆಂಡಿಗೆ ೦.೩ ಮೈಕ್ರೋಮೀಟರಿನ ಅಲುಗಾಟವೂ ಒಂದು ಮೆಟ್ಟಿಲಾಗುವುದು.

ಇಲ್ಲೊಂದು ಆಕ್ಷೇಪವು ಬರಬಹುದು. ನೂರು ಪಟ್ಟು ಹಿಗ್ಗಿಸಿದರೆ ಸೆಕೆಂಡಿಗೆ ೦.೬ ಮಿಲಿಮೀಟರಿನಷ್ಟು ಅಲುಗಿದೊಡನೆ ವೋಲ್ಟು ಮೇರೆ ಮುಟ್ಟಿ, ಅಲೆಯ ನೆತ್ತಿಯು ಕತ್ತರಿಸಿದಂತಾಗುವುದು. ದೊಡ್ಡ ಸ್ಫೋಟದ ಬಲವು ತಿಳಿಯದೆ ಹೋಗುವುದು. ಇದು ನಿಜ. ಆದರೆ ಸ್ಥಳವನ್ನು ಕಂಡುಹಿಡಿಯಲು ಬೇಕಾದುದು ಅಲೆಯ ಎತ್ತರವಲ್ಲ, ಅದು ಏಳಲಾರಂಭಿಸಿದ ಹೊತ್ತು. ನೆತ್ತಿ ಕತ್ತರಿಸಿದರೂ ಆ ಹೊತ್ತು ಕೆಡುವುದಿಲ್ಲ. ಬಲವೂ ಬೇಕೆನ್ನುವವರು ಹಿಗ್ಗಿಸದ ಮತ್ತೊಂದು ದಾರಿಯನ್ನು ಪಕ್ಕದ ಪಿನ್ನಿಗೆ ಕೊಡಲಿ, ಇಲ್ಲವೆ ೨೪ ಬಿಟ್ಟಿನ ಪ್ರತ್ಯೇಕ ಪರಿವರ್ತಕವನ್ನು ತರಲಿ.

ಆಂಪ್ಲಿಫಯರು ನಡುಕವನ್ನಷ್ಟೇ ಹಿಗ್ಗಿಸುವುದಿಲ್ಲ, ತಂತಿಗೆ ಅಂಟಿದ ಸದ್ದನ್ನೂ ಹಿಗ್ಗಿಸುವುದು. ನಮ್ಮ ದೇಶದಲ್ಲಿ ಮನೆಯ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಆಡುವುದು. ಅದೇ ೫೦ರ ಗುಂಯ್ ಎಂಬ ಅಲೆಯು ಜಿಯೋಫೋನಿನ ತಂತಿಯಲ್ಲಿಯೂ ಕಾಣುವುದು. ಶಿವನಸಮುದ್ರದ ವಿದ್ಯುತ್ತು ಗಣಿಗಳಿಗೆ ಬಂದಾಗ ೨೫ ಸಲದ್ದಾಗಿತ್ತು. ಎರಡೂ ಶಿಲಾಸ್ಫೋಟದ ಅಲೆಗಳ ನಡುವೆಯೇ ಬರುವ ಸಂಖ್ಯೆಗಳಾದುದರಿಂದ ಸೋಸಿ ತೆಗೆಯಹೋದರೆ ಕಾಳೂ ಹೋಗುವುದು. ಎರಡು ಎಳೆಗಳನ್ನು ಹೊಸೆದು, ಮೇಲೆ ಲೋಹದ ಹೊದಿಕೆಯುಳ್ಳ ತಂತಿಯನ್ನು ಬಳಸಿ, ಆ ಹೊದಿಕೆಯನ್ನು ಒಂದೇ ತುದಿಯಲ್ಲಿ ನೆಲಕ್ಕೆ ಸೇರಿಸುವುದೇ ಉತ್ತಮೋಪಾಯ. ಎರಡೂ ತುದಿಯಲ್ಲಿ ಸೇರಿಸಿದರೆ ಹೊದಿಕೆಯೇ ಒಂದು ಬಳೆಯಾಗಿ ಸದ್ದು ಹೆಚ್ಚುವುದುಂಟು.

ಇನ್ನು ಗಡಿಯಾರದ ಮಾತು. ಮೈಕ್ರೋಕಂಟ್ರೋಲರು ಸೆಕೆಂಡಿಗೆ ೫೦೦ ಸಲ ವೋಲ್ಟನ್ನು ಅಳೆಯುವುದೆಂದು ಇಟ್ಟುಕೊಂಡರೆ ಎರಡು ಅಳತೆಗಳ ನಡುವೆ ೨ ಮಿಲಿಸೆಕೆಂಡು. ಅಷ್ಟರಲ್ಲಿ ಅಲೆಯು ಶಿಲೆಯಲ್ಲಿ ೧೨ ಮೀಟರು ಮುಂದೆ ಹೋಗಿರುವುದು. ಹೊಸಬರು ಬರೆಯುವ ಕ್ರಮವಿಧಿಯಲ್ಲಿ ಅಳೆ, ಸ್ವಲ್ಪ ತಡೆ, ಮತ್ತೆ ಅಳೆ ಎಂದಿರುತ್ತದೆ. ಅಳೆಯುವುದಕ್ಕೂ ಬರೆದಿಡುವುದಕ್ಕೂ ಹಿಡಿಯುವ ಕಾಲವು ಒಮ್ಮೆ ಹೆಚ್ಚು, ಒಮ್ಮೆ ಕಡಮೆ ಆಗುವುದರಿಂದ ಈ ಕ್ರಮದಲ್ಲಿ ಅಳತೆಗಳ ಅಂತರವು ಸಮನಾಗಿರದು. ಮೈಕ್ರೋಕಂಟ್ರೋಲರಿನೊಳಗಿನ ಟೈಮರು ನಿಯತಕಾಲಕ್ಕೆ ಇಂಟರಪ್ಟನ್ನು ಕೊಟ್ಟು, ಬೇರೆಲ್ಲ ಕೆಲಸವನ್ನೂ ನಿಲ್ಲಿಸಿ ಅಳತೆ ಮಾಡಿಸುವಂತಿರಬೇಕು. ಬರೆದಿಡುವುದು ಬಿಡುವಾದಾಗ ನಡೆಯಲಿ.

ಹೀಗೆ ಮಾಡಿದರೂ ಆ ಟೈಮರು ನಂಬಿರುವುದು ಹರಳೊಂದರ ಕಂಪನವನ್ನು. ಸಾಮಾನ್ಯ ಹರಳು ಹತ್ತು ಲಕ್ಷಕ್ಕೆ ೨೦ ಪಾಲಿನಷ್ಟು ತಪ್ಪುವುದು. ಕೇಳಲು ಅಲ್ಪವಾದರೂ ದಿನವೊಂದಕ್ಕೆ ಇದು ೧.೭ ಸೆಕೆಂಡಾಗುತ್ತದೆ, ಅಂದರೆ ದೂರದಲ್ಲಿ ೧೦ ಕಿಲೋಮೀಟರು. ಬಿಸಿಲಿಗೂ ಚಳಿಗೂ ಹರಳಿನ ನಡೆಯು ಬದಲಾಗುವುದರಿಂದ ಮುಂಚಿತವಾಗಿ ಲೆಕ್ಕ ಹಾಕಿ ಕಳೆಯಲೂ ಆಗದು. ಮೂರೇ ದಿನಗಳಲ್ಲಿ ನಾಲ್ಕು ಊರುಗಳ ಗಡಿಯಾರಗಳು ನಾಲ್ಕು ಮಾತಾಡುವುವು. ಇದಕ್ಕೆ ಜಿಪಿಎಸ್ ಗ್ರಾಹಕವೇ ಮದ್ದು. ಆಕಾಶದ ಉಪಗ್ರಹಗಳಲ್ಲಿರುವ ಪರಮಾಣು ಗಡಿಯಾರಗಳನ್ನು ಅನುಸರಿಸಿ ಅದು ಸೆಕೆಂಡಿಗೊಂದು ಮಿಡಿತವನ್ನು ಕೊಡುವುದು. ಆ ಮಿಡಿತದ ತಪ್ಪು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಮೆ. ಮಿಡಿತದ ತಂತಿಯನ್ನು ಮೈಕ್ರೋಕಂಟ್ರೋಲರಿನ ಒಂದು ಪಿನ್ನಿಗೆ ಕೊಟ್ಟು, ಮಿಡಿತ ಬಂದ ಕ್ಷಣದಲ್ಲಿ ಟೈಮರಿನ ಎಣಿಕೆಯೆಷ್ಟಿತ್ತೆಂಬುದನ್ನು ಹಿಡಿದಿಟ್ಟರೆ, ಎರಡು ಮಿಡಿತಗಳ ನಡುವಣ ಎಣಿಕೆಯಿಂದ ಹರಳಿನ ಆಗಿನ ನಡೆಯೇ ಹೊರಬೀಳುವುದು. ಹರಳನ್ನು ತಿದ್ದಬೇಕಾಗಿಲ್ಲ, ಅದರ ತಪ್ಪನ್ನು ಬಲ್ಲರೆ ಸಾಕು. ಗ್ರಾಹಕದಿಂದ ಬರುವ ಬರೆಹದ ವಾರ್ತೆಯನ್ನೇ ಗಡಿಯಾರವೆಂದು ನೆಚ್ಚುವುದು ಮಾತ್ರ ಸಲ್ಲದು. ಆ ವಾರ್ತೆಯು ತಡವಾಗಿ, ತಡವೂ ಒಂದೇ ಸಮನಲ್ಲದೆ ಬರುವುದು.

ಅಳೆದ ಅಲುಗಾಟವೆಲ್ಲವೂ ಶಿಲಾಸ್ಫೋಟವಲ್ಲ. ಮಾಲೂರಿನಲ್ಲಿ ಬೆಂಗಳೂರಿನಿಂದ ಬರುವ ರೈಲು ನೆಲವನ್ನು ನಡುಗಿಸುವುದು. ಕೋಲಾರ, ಮುಳಬಾಗಿಲುಗಳಲ್ಲಿ ಹೆದ್ದಾರಿಯ ಲಾರಿಗಳು ನಡುಗಿಸುವುವು. ಕಲ್ಲುಗಣಿಗಳಲ್ಲಿ ಮದ್ದು ಸಿಡಿಸುವರು. ತೋಪಿನೊಳಗೆ ಇಟ್ಟರೆ ಗಾಳಿಗೆ ತೂಗುವ ಮರವು ಬೇರಿನ ಮೂಲಕ ನೆಲವನ್ನು ಎಳೆದಾಡುವುದು. ಆದುದರಿಂದ ಇಂತಿಷ್ಟು ವೋಲ್ಟು ಮೀರಿದರೆ ಎಂಬ ಒಂದೇ ನಿಯಮವು ಹಗಲಿಗೆ ಹೊಂದಿದರೆ ರಾತ್ರಿಗೆ ಹೊಂದದು. ಕಳೆದ ಅರ್ಧ ಸೆಕೆಂಡಿನ ಸರಾಸರಿ ಅಲುಗಾಟವನ್ನು ಕಳೆದ ಅರ್ಧ ನಿಮಿಷದ ಸರಾಸರಿಯಿಂದ ಭಾಗಿಸಿ, ಭಾಗಲಬ್ಧವು ನಾಲ್ಕಕ್ಕೋ ಐದಕ್ಕೋ ಮೀರಿದಾಗ ಎಚ್ಚರಗೊಳ್ಳುವ ಪದ್ಧತಿಯು ಬಳಕೆಯಲ್ಲಿದೆ. ಎಚ್ಚರಗೊಳ್ಳುವ ವೇಳೆಗೆ ಅಲೆಯ ತಲೆಯು ದಾಟಿಹೋಗಿರುವುದರಿಂದ ಹಿಂದಿನ ಕೆಲವು ಸೆಕೆಂಡುಗಳ ಅಳತೆಗಳು ನೆನಪಿನ ಭಾಗದಲ್ಲಿ ಸದಾ ಸುತ್ತುತ್ತ ಸಿದ್ಧವಾಗಿರಬೇಕು. ಆ ಮೇಲೆ ನಾಲ್ಕು ಊರುಗಳ ಸಾಕ್ಷ್ಯವನ್ನು ಹೋಲಿಸತಕ್ಕದ್ದು. ಮಾಲೂರಿಗೂ ಮುಳಬಾಗಿಲಿಗೂ ನೇರ ದೂರವು ಸುಮಾರು ೫೨ ಕಿಲೋಮೀಟರು. ಎರಡೂ ಕಡೆ ಮೊದಲ ಅಲೆ ಕಂಡ ಹೊತ್ತುಗಳು ೯ ಸೆಕೆಂಡಿಗಿಂತ ಹೆಚ್ಚು ಅಗಲಿದ್ದರೆ ಅವು ಒಂದೇ ಕಂಪದವಾಗಿರಲಾರವು. ಲಾರಿಯೊಂದು ನಾಲ್ಕು ಊರುಗಳಲ್ಲಿ ಏಕಕಾಲಕ್ಕೆ ಓಡಲಾರದಷ್ಟೆ.

ಸಂವೇದಕವನ್ನು ನೆಡುವ ವಿಷಯದಲ್ಲಿ ಹೇಳಬೇಕಾದುದು ಹೆಚ್ಚಿಲ್ಲ. ಸಡಿಲ ಮಣ್ಣಿನ ಮೇಲಾಗಲಿ ಮೇಜಿನ ಮೇಲಾಗಲಿ ಇಟ್ಟ ಜಿಯೋಫೋನು ಮಣ್ಣಿನ ಮತ್ತು ಮೇಜಿನ ಸುದ್ದಿಯನ್ನೇ ಹೇಳುವುದು. ಬಂಡೆಗೆ ಗಾರೆ ಹಾಕಿ, ನೆಟ್ಟಗೆ ಕೂರಿಸಬೇಕು. ಈ ಸೀಮೆಯಲ್ಲಿ ಬಂಡೆಗೆ ಬರಗಾಲವಿಲ್ಲ.

ನಾಲ್ಕು ಊರುಗಳ ಏರ್ಪಾಡು ಸ್ಥಳವನ್ನು ತಿಳಿಸಬಲ್ಲುದಾದರೂ ಆಳವನ್ನು ತಿಳಿಸಲಾರದೆಂಬುದನ್ನು ಗಮನಿಸಬೇಕು. ೨೫ ಕಿಲೋಮೀಟರು ದೂರದ ಕೋಲಾರಕ್ಕೆ, ಸ್ಫೋಟವು ನೆಲದ ಮಟ್ಟದಲ್ಲಾದರೂ ೩ ಕಿಲೋಮೀಟರು ಆಳದಲ್ಲಾದರೂ ಸುದ್ದಿ ಮುಟ್ಟುವ ಕಾಲದ ವ್ಯತ್ಯಾಸ ಸೆಕೆಂಡಿನ ನೂರರಲ್ಲಿ ಮೂರು ಪಾಲು ಮಾತ್ರ. ಶಿಲೆಯ ವೇಗದಲ್ಲಿಯೇ ಇರುವ ಅನಿಶ್ಚಯದಲ್ಲಿ ಅದು ಕಾಣದೆ ಹೋಗುವುದು. ಚಿನ್ನದ ಶಿಲೆಯ ಕಿರಿದಾದ ಪಟ್ಟಿಗೂ ಅದರ ಇಬ್ಬದಿಯ ಗ್ರಾನೈಟು ಜಾತಿಯ ಶಿಲೆಗೂ ವೇಗವು ಒಂದೇ ಅಲ್ಲ. ಗಣಿಯ ನೇರ ಮೇಲಿರುವ ಸಂವೇದಕಕ್ಕಾದರೋ ೨ ಕಿಲೋಮೀಟರಿಗೂ ೩ ಕಿಲೋಮೀಟರಿಗೂ ಸೆಕೆಂಡಿನ ಆರರಲ್ಲೊಂದು ಪಾಲು ವ್ಯತ್ಯಾಸ ಬರುವುದು. ನೂರು ಅಡಿಯ ಎರಡು ಅಂತಸ್ತುಗಳನ್ನು ಬೇರ್ಪಡಿಸಬೇಕಾದರೆ ೫ ಮಿಲಿಸೆಕೆಂಡಿನೊಳಗಿನ ನಿಖರತೆ ಬೇಕು. ಸಿಕ್ಕಿಬಿದ್ದವರಿಗೆ ಪ್ರಯೋಜನವಾಗುವ ಉತ್ತರವು ಅದೇ ಆದುದರಿಂದ, ಸಂವೇದಕಗಳು ಗಣಿಯ ಮೇಲೂ ಒಳಗೂ ಸುತ್ತುವರಿದಿರಬೇಕಾದುದು ಅನಿವಾರ್ಯ.

ನೆಲದ ಕೆಳಗೆ ಉಪಗ್ರಹದ ಮಾತು ಕೇಳಿಸದು. ಅಲ್ಲಿ ಒಂದೊಂದು ಸಂವೇದಕಕ್ಕೂ ಒಂದೊಂದು ಮೈಕ್ರೋಕಂಟ್ರೋಲರನ್ನು ಕೊಟ್ಟರೂ ಅವುಗಳ ಗಡಿಯಾರಗಳನ್ನು ಮೇಲಿನಿಂದ ತಂತಿಯ ಮೂಲಕವೇ ಸರಿಪಡಿಸುತ್ತಿರಬೇಕು. ಜಿಯೋಫೋನುಗಳ ವಾರ್ತೆಯನ್ನು ತಂತಿಗಳಿಂದ ಒಂದೇ ಕಡೆಗೆ ತರುವ ೧೯೭೮ರ ಕ್ರಮದ ಜಾಣತನವು ಇಲ್ಲಿ ಗೋಚರವಾಗುವುದು. ಬರೆದುಕೊಳ್ಳುವ ಕೇಂದ್ರವು ಒಂದೇ ಆದಾಗ ಗಡಿಯಾರವೂ ಒಂದೇ. ಅದು ತಪ್ಪಿದರೂ ಎಲ್ಲ ಸಂವೇದಕಗಳಿಗೂ ಸಮನಾಗಿ ತಪ್ಪುವುದರಿಂದ ವ್ಯತ್ಯಾಸಗಳು ಕೆಡುವುದಿಲ್ಲ.

೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ಮೇಲಕ್ಕೆತ್ತುವವರಿಲ್ಲದೆ ನೀರು ಸುರಂಗಗಳಲ್ಲಿ ತುಂಬುತ್ತ ಬಂದಿತು. ನೀರಿನ ಒತ್ತಡವು ಬಿರುಕುಗಳಲ್ಲಿ ಸೇರಿದಾಗ ಹಳೆಯ ಬಂಡೆಗಳು ಜರುಗುವುದರಿಂದ, ಕೆಲಸ ನಿಂತ ಮೇಲೆಯೂ ಊರಿನವರು ನಡುಕವನ್ನು ಅನುಭವಿಸಿದ್ದಾರೆ. ನೀರು ತುಂಬಿದ ಆಳಗಳಲ್ಲಿ ಇನ್ನು ಸಂವೇದಕವನ್ನಿಡುವುದು ಸಾಧ್ಯವಲ್ಲ. ಈಗ ಉಳಿದಿರುವ ದಾರಿಯೆಂದರೆ ರಾಬರ್ಟ್‌ಸನ್ ಪೇಟೆ, ಆಂಡರ್‌ಸನ್ ಪೇಟೆ, ಚಾಂಪಿಯನ್ ರೀಫ್, ಊರಿಗಾಂ ಇವುಗಳ ಬಂಡೆಗಳ ಮೇಲೆ, ಒಂದೆರಡು ಕಿಲೋಮೀಟರಿಗೊಂದರಂತೆ, ಜಿಪಿಎಸ್ ಮಿಡಿತವುಳ್ಳ ಪೆಟ್ಟಿಗೆಗಳನ್ನು ನೆಡುವುದು. ಇವು ಆಳವನ್ನು ಹೇಳಲು, ಹೊರಗಿನ ನಾಲ್ಕು ಊರುಗಳವು ಕಂಪವು ಗಣಿಯದೋ ದೂರದ್ದೋ ಎಂಬುದನ್ನು ಬೇರ್ಪಡಿಸಲು ಒದಗುವುವು.